ಕಡಲನ್ನು ಎಣಿಸಲು ಹೊರಟ ವಿಕ್ಟರ್ ಹೆನ್ಸನ್

ಸಮುದ್ರದ ನೀರಿನೊಡನೆ ತೇಲುತ್ತ ಸಾಗುವ ಜೀವಿಗಳಲ್ಲಿ ಬಹುಪಾಲು ಬರಿಗಣ್ಣಿಗೆ ಕಾಣವು. 1887ರಲ್ಲಿ ಅವುಗಳಿಗೆ ಪ್ಲಾಂಕ್ಟನ್ ಎಂದು ಹೆಸರಿಟ್ಟವರು ಜರ್ಮನಿಯ ವಿಜ್ಞಾನಿ ವಿಕ್ಟರ್ ಹೆನ್ಸನ್. ಅಲೆದಾಡುವುದು ಎಂಬುದು ಆ ಗ್ರೀಕ್ ಮೂಲದ ಪದದ ಅರ್ಥ.

1835ರಲ್ಲಿ ಜನಿಸಿದ ಹೆನ್ಸನ್ ಕೀಲ್ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಒಳಕಿವಿಯ ಕೆಲವು ಜೀವಕೋಶಗಳು ಇಂದಿಗೂ ಅವರ ಹೆಸರನ್ನೇ ಹೊತ್ತಿವೆ. ಆದರೆ ಅವರನ್ನು ಬಹುಕಾಲ ಕಾಡಿದ ಪ್ರಶ್ನೆ ಬೇರೆ. ಕಡಲು ಎಷ್ಟು ಮೀನನ್ನು ಪೋಷಿಸಬಲ್ಲದು? ಮೀನಿನ ಆಹಾರದ ಮೂಲ ಪ್ಲಾಂಕ್ಟನ್. ಆದ್ದರಿಂದ ಮೊದಲು ಅದನ್ನೇ ಎಣಿಸಬೇಕೆಂದು ಅವರು ನಿಶ್ಚಯಿಸಿದರು.

ನವಿರಾದ ರೇಷ್ಮೆ ಬಲೆಯನ್ನು ಆಳಕ್ಕೆ ಇಳಿಸಿ, ನೇರವಾಗಿ ಮೇಲೆತ್ತಿ, ಸಿಕ್ಕಿದ್ದನ್ನು ಸೂಕ್ಷ್ಮದರ್ಶಕದಡಿ ಎಣಿಸುವುದು ಅವರ ವಿಧಾನ. 1889ರಲ್ಲಿ ನ್ಯಾಷನಲ್ ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ಸುತ್ತಿದ ಅವರ ತಂಡ, ಉಷ್ಣವಲಯದ ತೆರೆದ ಕಡಲಿಗಿಂತ ಉತ್ತರದ ತಣ್ಣನೆಯ ನೀರಿನಲ್ಲೇ ಪ್ಲಾಂಕ್ಟನ್ ಹೆಚ್ಚೆಂದು ಕಂಡಿತು.

ಮರುವರ್ಷವೇ ಖ್ಯಾತ ಪ್ರಾಣಿಶಾಸ್ತ್ರಜ್ಞ ಅರ್ನ್ಸ್ಟ್ ಹೆಕಲ್ ಈ ಶ್ರಮವನ್ನು ವ್ಯರ್ಥವೆಂದು ಕಟುವಾಗಿ ಟೀಕಿಸಿದರು. ಪ್ಲಾಂಕ್ಟನ್ ಎಲ್ಲೆಡೆ ಸಮನಾಗಿ ಹರಡಿಲ್ಲ ಎಂಬ ಅವರ ವಾದದಲ್ಲಿ ಹುರುಳಿತ್ತು. ಆದರೂ ಹೆನ್ಸನ್ ಎಣಿಕೆಯನ್ನು ಕೈಬಿಡಲಿಲ್ಲ. ಉಷ್ಣವಲಯದ ಕುರಿತ ಅವರ ನಿರ್ಣಯವನ್ನು ನಂತರದ ಅಧ್ಯಯನಗಳು ಸ್ಥೂಲವಾಗಿ ಎತ್ತಿಹಿಡಿದವು.

1924ರಲ್ಲಿ ಹೆನ್ಸನ್ ನಿಧನರಾದರು. ಕೆಲವು ಪಾಚಿಗಳು ಮಿತಿಮೀರಿ ಬೆಳೆದಾಗ ಮೀನುಗಳು ಸಾಯುತ್ತವೆ; ಚಿಪ್ಪುಮೀನುಗಳಲ್ಲಿ ಶೇಖರವಾಗುವ ವಿಷ ಅವನ್ನು ತಿಂದವರ ಪ್ರಾಣಕ್ಕೂ ಎರವಾಗಬಲ್ಲದು. ನೀರಿನ ಬಣ್ಣ ಬದಲಾಗುವ ಮುನ್ನವೇ ಅಪಾಯವನ್ನು ಅರಿಯಲು ಇಂದು ಹಲವು ದೇಶಗಳು ಪ್ರತಿ ಲೀಟರಿನಲ್ಲಿರುವ ಪಾಚಿಕೋಶಗಳನ್ನು ಎಣಿಸುತ್ತವೆ. ವ್ಯರ್ಥವೆನಿಸಿಕೊಂಡ ಎಣಿಕೆಯೇ ಈಗ ಜೀವರಕ್ಷಕವಾಗಿದೆ.