ಮೊದಲು ಹೆಸರು, ಆಮೇಲೆ ಲೆಕ್ಕ: ನಮ್ಮ ಸೀಮೆಯ ಮಹಾವೀರಾಚಾರ್ಯರು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ನಾಲ್ಕು ಜನರ ತಂಡ ಒಂದು ಸಣ್ಣ ಸರ್ವೇ ಮಾಡಿತ್ತು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕೆಲವು ಹಳ್ಳಿಗಳಿಗೆ ಹೋಗಿ, ಕುಡಿಯೋ ನೀರು ಎಷ್ಟು ದೂರದಿಂದ ತರ್ತೀರಿ, ಯಾರು ತರ್ತಾರೆ, ಅದಕ್ಕಾಗಿ ಮಕ್ಕಳ ಶಾಲೆ ತಪ್ಪುತ್ತಾ ಅಂತ ಮನೆಮನೆಯಲ್ಲೂ ಕೇಳಿ ಬರ್ಕೊಂಡ್ವಿ. ಒಟ್ಟು ಹನ್ನೆರಡು ವೇರಿಯಬಲ್. ಸ್ಟೇಟಾದಲ್ಲಿ ಸ್ಕ್ರಿಪ್ಟ್ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ನಾನು ಆ ಹನ್ನೆರಡೂ ಹೆಸರುಗಳನ್ನ ಪ್ರತಿ ಕಮಾಂಡಿನಲ್ಲೂ ಕಾಪಿ ಪೇಸ್ಟ್ ಮಾಡ್ತಾ ಹೋದೆ.

ಆಮೇಲೆ ನೋಡಿದ್ರೆ, ಜಮೀನಿನ ಅಳತೆ ಕೆಲವು ಫಾರ್ಮ್‌ಗಳಲ್ಲಿ ಎಕರೆಯಲ್ಲಿತ್ತು, ಕೆಲವದರಲ್ಲಿ ಗುಂಟೆಯಲ್ಲಿತ್ತು. ಸರಿಪಡಿಸಿ ಹೊಸ ವೇರಿಯಬಲ್ ಮಾಡಿದೆ. ಆಳಂದದ ಸಾಲುಗಳಲ್ಲಿ ಬದಲಾಯಿಸಿದೆ, ಅಫಜಲಪುರದ ಸಾಲುಗಳಲ್ಲೂ ಬದಲಾಯಿಸಿದೆ, ಜೇವರ್ಗಿಯ ಒಂದು ಸಾಲಿನಲ್ಲಿ ಮರೆತೆ. ನಲವತ್ತು ಗುಂಟೆ ಇದ್ದವನು ಆ ಸಾಲಿನಲ್ಲಿ ನಲವತ್ತು ಎಕರೆಯ ಜಮೀನ್ದಾರ ಆಗಿಬಿಟ್ಟ! ತಪ್ಪು ಹಿಡಿದ ನಮ್ಮ ಗೈಡ್ ಒಂದೇ ಮಾತು ಹೇಳಿದರು. ಗುಂಪಿಗೆ ಒಂದು ಹೆಸರಿಡು, ಮೇಲ್ಗಡೆ ಒಂದೇ ಸಲ ಬರಿ, ಆಮೇಲೆ ಹೆಸರನ್ನಷ್ಟೇ ಕರಿ ಅಂತ.

ಈ ಬುದ್ಧಿ ಕಂಪ್ಯೂಟರ್ ಬಂದ ಮೇಲಿನದು ಅಂದ್ಕೊಂಡಿದ್ದೆ. ಅಲ್ಲ. ಸುಮಾರು 1150 ವರ್ಷದ ಹಿಂದೆ, ನಮ್ಮದೇ ಸೀಮೆಯನ್ನ ಆಳಿದ ರಾಜನ ಕಾಲದಲ್ಲಿ, ಒಬ್ಬರು ಇಡೀ ಪುಸ್ತಕವನ್ನೇ ಹೀಗೆ ಕಟ್ಟಿದ್ದರು. ಅವರೇ ಮಹಾವೀರಾಚಾರ್ಯರು.

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಸುಮಾರು ನಲವತ್ತು ಕಿಲೋಮೀಟರ್‌ಗೆ ಮಳಖೇಡ ಸಿಗುತ್ತದೆ. ಇವತ್ತು ಅಲ್ಲಿ ಕಾಗಿಣಾ ನದಿ, ಹಳೇ ಕೋಟೆ, ಪಕ್ಕದಲ್ಲಿ ತೊಗರಿ ಹೊಲ. ಆಗ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅದೇ ಕಾಗಿಣಾ ಮುಂದೆ ಹೋಗಿ ಭೀಮೆಗೆ ಸೇರುತ್ತದೆ; ಆಳಂದದ ಅಮರ್ಜಾ ಕೂಡ ಗಾಣಗಾಪುರದ ಹತ್ತಿರ ಭೀಮೆಗೇ ಸೇರುತ್ತದೆ. ಹಾಗಾಗಿ ನಮ್ಮ ಸರ್ವೇಯ ಮೂರೂ ತಾಲೂಕುಗಳು ಮಾನ್ಯಖೇಟದ ನೆರೆಹೊರೆಯೇ. ಅಲ್ಲಿ 814ರಿಂದ 878ರವರೆಗೆ ಅಮೋಘವರ್ಷ ನೃಪತುಂಗ ರಾಜ್ಯವಾಳಿದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಕೃತಿ ಕವಿರಾಜಮಾರ್ಗ ಇವನ ಆಸ್ಥಾನದ್ದು ಅಂತ ಪಿಯುಸಿಯಲ್ಲೇ ಓದಿದ್ದೀವಿ. ಜಿನಸೇನಾಚಾರ್ಯರು 837ರಲ್ಲಿ ಜಯಧವಲಾ ಟೀಕೆ ಮುಗಿಸಿದ್ದು ಇವನ ಕಾಲದಲ್ಲೇ. ಶಾಕಟಾಯನ ತನ್ನ ವ್ಯಾಕರಣದ ವೃತ್ತಿಗೆ ರಾಜನ ಹೆಸರೇ ಸೇರಿಸಿ ಅಮೋಘವೃತ್ತಿ ಅಂತ ಕರೆದ.

ಇಂಥ ವಾತಾವರಣದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ತಮ್ಮ ಬಗ್ಗೆ ಅವರು ಬರೆದುಕೊಂಡದ್ದು ತೀರಾ ಕಡಿಮೆ. ಶುರುವಿನಲ್ಲಿ ತೀರ್ಥಂಕರ ಮಹಾವೀರನಿಗೆ ನಮಸ್ಕಾರ, ಅಮೋಘವರ್ಷನ ಹೊಗಳಿಕೆ, ಆಮೇಲೆ ಗಣಿತದ ಹೊಗಳಿಕೆ. ಅಡುಗೆ, ವೈದ್ಯ, ಸಂಗೀತ, ನಾಟಕ, ವಾಸ್ತು, ಛಂದಸ್ಸು, ವ್ಯಾಕರಣ, ಎಲ್ಲದಕ್ಕೂ ಲೆಕ್ಕ ಬೇಕು ಅನ್ನೋದು ಅವರ ವಾದ. ತಾವು ಹೊಸದೇನೋ ಕಂಡುಹಿಡಿದೆ ಅಂತ ಅವರು ಮೆರೆಯೋದಿಲ್ಲ. ಹಿಂದಿನವರ ಜ್ಞಾನದ ಸಮುದ್ರದಿಂದ ರತ್ನ ಆರಿಸಿದ ಹಾಗೆ ಸಾರವನ್ನಷ್ಟೇ ಆರಿಸಿ ಕೊಡ್ತಿದ್ದೀನಿ ಅನ್ನೋ ಭಾವ. ಪುಸ್ತಕದ ಹೆಸರಲ್ಲೇ ಸಾರಸಂಗ್ರಹ ಇದೆಯಲ್ಲ.

ಆದರೆ ಒಂದು ದೊಡ್ಡ ಬದಲಾವಣೆ ಮಾಡಿದರು. 499ರ ಆರ್ಯಭಟನ ಕೃತಿಯಲ್ಲೂ 628ರ ಬ್ರಹ್ಮಗುಪ್ತನ ಕೃತಿಯಲ್ಲೂ ಗಣಿತ ಬರೋದು ಖಗೋಳದ ಜೊತೆಗೆ, ಒಂದು ಭಾಗವಾಗಿ. ಮಹಾವೀರಾಚಾರ್ಯರು ಗ್ರಹ, ಗ್ರಹಣದ ಗೊಡವೆ ಬಿಟ್ಟು, ಗಣಿತವೊಂದನ್ನೇ ಇಟ್ಟುಕೊಂಡು ಸಾವಿರಕ್ಕೂ ಹೆಚ್ಚು ಶ್ಲೋಕಗಳ ಪಠ್ಯಪುಸ್ತಕ ಮಾಡಿದರು. ಒಂಬತ್ತು ಅಧ್ಯಾಯ. ಭಿನ್ನರಾಶಿ, ತ್ರೈರಾಶಿಕ, ಬಡ್ಡಿ, ಕ್ಷೇತ್ರಫಲ, ಗುಂಡಿಯ ಅಗೆತ, ನೆರಳಿನ ಲೆಕ್ಕ ಎಲ್ಲ ಇದೆ.

ನಮಗೆ ಬೇಕಾದದ್ದು ಮೊದಲ ಅಧ್ಯಾಯ. ಅದರ ಹೆಸರು ಸಂಜ್ಞಾಧಿಕಾರ, ಅಂದ್ರೆ ಹೆಸರುಗಳ ಅಧ್ಯಾಯ. ಅಲ್ಲಿ ಲೆಕ್ಕ ಬಿಡಿಸೋದಿಲ್ಲ, ಮುಂದಿನ ಎಂಟು ಅಧ್ಯಾಯಗಳಲ್ಲಿ ಬರೋ ಪ್ರತಿಯೊಂದನ್ನೂ ಒಂದೇ ಸಲ ಡಿಫೈನ್ ಮಾಡ್ತಾರೆ. ಇಪ್ಪತ್ತನಾಲ್ಕು ಅಂಗುಲ ಒಂದು ಹಸ್ತ, ನಾಲ್ಕು ಹಸ್ತ ಒಂದು ದಂಡ, ಎರಡು ಸಾವಿರ ದಂಡ ಒಂದು ಕ್ರೋಶ, ನಾಲ್ಕು ಕ್ರೋಶ ಒಂದು ಯೋಜನ. ಕಾಳುಕಡಿಗೆ ಕುಡವ, ಪ್ರಸ್ಥ, ಆಢಕ, ದ್ರೋಣ, ಒಂದಕ್ಕಿಂತ ಮುಂದಿನದು ನಾಲ್ಕು ಪಟ್ಟು. ಬಂಗಾರಕ್ಕೆ ಬೇರೆ, ಬೆಳ್ಳಿಗೆ ಬೇರೆ, ಕಾಲಕ್ಕೆ ಬೇರೆ. ಆಮೇಲೆ ಎಂಟು ಕ್ರಿಯೆಗಳ ಹೆಸರು. ಏಕ, ದಶದಿಂದ ಹಿಡಿದು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳ ಹೆಸರು. ಚಂದ್ರ ಅಂದ್ರೆ ಒಂದು, ಕಣ್ಣು ಅಂದ್ರೆ ಎರಡು, ಅಗ್ನಿ ಅಂದ್ರೆ ಮೂರು, ಆಕಾಶ ಅಂದ್ರೆ ಸೊನ್ನೆ, ಹೀಗೆ ಅಂಕಿಗಳಿಗೆ ಪದಗಳ ಪಟ್ಟಿ.

ಯಾಕೆ ಇಷ್ಟೆಲ್ಲ? ಪುಸ್ತಕ ಶ್ಲೋಕದಲ್ಲಿದೆ, ವಿದ್ಯಾರ್ಥಿ ಬಾಯಿಪಾಠ ಮಾಡಬೇಕು. ಪ್ರತಿ ಲೆಕ್ಕದಲ್ಲೂ ದ್ರೋಣ ಅಂದ್ರೆ ಇಷ್ಟು ಕುಡವ ಅಂತ ಹೇಳ್ತಾ ಕೂತ್ರೆ ಶ್ಲೋಕ ಉದ್ದ ಆಗುತ್ತೆ. ಒಂದು ಕಡೆ ಅರವತ್ತನಾಲ್ಕು, ಇನ್ನೊಂದು ಕಡೆ ಮರೆತು ಹದಿನಾರು ಅಂದ್ರೆ ಕಥೆ ಮುಗೀತು. ನನ್ನ ಜೇವರ್ಗಿ ಸಾಲಿಗೆ ಆಗಿದ್ದು ಅದೇ ತಾನೆ! ಸ್ಕ್ರಿಪ್ಟಿನ ಭಾಷೆಯಲ್ಲಿ ಹೇಳೋದಾದ್ರೆ, ಸಂಜ್ಞಾಧಿಕಾರ ಆ ಪುಸ್ತಕದ ಮೇಲ್ತುದಿಯ ಡಿಕ್ಲರೇಷನ್ ಬ್ಲಾಕ್. ಸ್ಟೇಟಾದಲ್ಲಿ ಲೋಕಲ್ ಇಲ್ಲವೇ ಗ್ಲೋಬಲ್ ಮ್ಯಾಕ್ರೋ, ಆರ್‌ನಲ್ಲಿ ಕ್ಯಾರೆಕ್ಟರ್ ವೆಕ್ಟರ್, ಪೈಥಾನ್‌ನಲ್ಲಿ ಲಿಸ್ಟ್. ಹೆಸರು ಬೇರೆ ಬೇರೆ, ಕೆಲಸ ಒಂದೇ.

ಲೆಕ್ಕಗಳನ್ನೂ ಅವರು ಗುಂಪು ಮಾಡಿ ಹೆಸರಿಟ್ಟರು. ಪ್ರಕೀರ್ಣಕ ಅನ್ನೋ ಅಧ್ಯಾಯದಲ್ಲಿ ಭಾಗ, ಶೇಷ, ಮೂಲ, ಶೇಷಮೂಲ ಅಂತ ಹತ್ತು ಜಾತಿ. ಆನೆಯ ಹಿಂಡು ಬರಲಿ, ದುಂಬಿ ಬರಲಿ, ಜಾತಿ ಗುರುತಿಸಿದರೆ ಸೂತ್ರ ಒಂದೇ. ನಾವು ಫಂಕ್ಷನ್ ಬರೆದು ತಾಲೂಕಿನ ಹೆಸರನ್ನ ಮಾತ್ರ ಬದಲಾಯಿಸಿ ಕರೆಯೋ ಹಾಗೆ.

ಗುಂಪುಗಳ ವಿಷಯದಲ್ಲಿ ಅವರ ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರು ರುಚಿಗಳನ್ನ ಬೆರೆಸಿ ಎಷ್ಟು ಬಗೆ ಮಾಡಬಹುದು ಅಂತ ಕೇಳ್ತಾರೆ. ಅದಕ್ಕೆ ಸಾಮಾನ್ಯ ಸೂತ್ರವನ್ನೂ ಕೊಡ್ತಾರೆ. ಮೇಲೆ ಆರು, ಐದು, ನಾಲ್ಕು ಅಂತ ಇಳಿಸ್ತಾ, ಕೆಳಗೆ ಒಂದು, ಎರಡು, ಮೂರು ಅಂತ ಏರಿಸ್ತಾ ಬರೆದು, ಮೇಲಿನ ಗುಣಲಬ್ಧವನ್ನ ಕೆಳಗಿನದರಿಂದ ಭಾಗಿಸಬೇಕು. ಒಂದೊಂದೇ ರುಚಿ 6, ಎರಡೆರಡು 15, ಮೂರು ಮೂರು 20, ಮತ್ತೆ 15, 6, 1. ಒಟ್ಟು 63. ನಾವು ಪರ್ಮ್ಯುಟೇಷನ್ ಕಾಂಬಿನೇಷನ್ ಅಂತ ಉರು ಹೊಡೆದ ಅದೇ ಸೂತ್ರ.

ಈಗ ಇದನ್ನ ನಮ್ಮ ಸರ್ವೇಗೆ ಹಚ್ಚಿ ನೋಡಿ. ಹನ್ನೆರಡು ವೇರಿಯಬಲ್ ಬಿಡಿಬಿಡಿಯಾಗಿದ್ದರೆ, ಯಾವುದನ್ನ ಸೇರಿಸಬೇಕು ಯಾವುದನ್ನ ಬಿಡಬೇಕು ಅನ್ನೋದಕ್ಕೆ 4095 ದಾರಿ. ಅದನ್ನೇ ನೀರು, ಮನೆ, ಶಾಲೆ ಅಂತ ಮೂರು ಗುಂಪು ಮಾಡಿ ಹೆಸರಿಟ್ಟರೆ ಬರೀ 7. ಏಳು ಮಾಡೆಲ್, ಮೂರು ತಾಲೂಕು, ಒಂದು ಲೂಪ್. ಹೆಸರಿಡೋದ್ರಿಂದ ಟೈಪಿಂಗ್ ಉಳಿಯೋದು ಸಣ್ಣ ಲಾಭ. ಏನು ಕೇಳ್ತಿದ್ದೀವಿ ಅಂತ ನಮಗೇ ಸ್ಪಷ್ಟ ಆಗೋದು ದೊಡ್ಡ ಲಾಭ.

ಆಚಾರ್ಯರಿಗೆ ತಮಾಷೆಯೂ ಗೊತ್ತಿತ್ತು. ಗುಣಾಕಾರದಿಂದ ಹಾರ ಪೋಣಿಸೋ ಲೆಕ್ಕಗಳಿವೆ. 139ನ್ನ 109ರಿಂದ ಗುಣಿಸಿದ್ರೆ 15151. 27994681ನ್ನ 441ರಿಂದ ಗುಣಿಸಿದ್ರೆ 12345654321. ಎರಡೂ ಕಡೆಯಿಂದ ಓದಿದ್ರೂ ಒಂದೇ. ಕ್ಯಾಲ್ಕುಲೇಟರ್ ತೆಗೆದು ನೋಡಿ, ನಾನೂ ನೋಡಿದೆ.

ಇಷ್ಟು ಜಾಗರೂಕರಾಗಿದ್ದವರೂ ಒಂದು ಕಡೆ ಎಡವಿದರು. ಎಡವಿದ್ದು ಅದೇ ಮೊದಲ ಅಧ್ಯಾಯದಲ್ಲಿ, ಸೊನ್ನೆಯ ನಿಯಮ ಹೇಳುವಾಗ. ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆ ಕೂಡಿಸಿದರೆ, ಕಳೆದರೆ ಸಂಖ್ಯೆ ಬದಲಾಗೋದಿಲ್ಲ. ಇಲ್ಲಿವರೆಗೆ ಸರಿ. ಆದರೆ ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಹಾಗೇ ಉಳಿಯುತ್ತೆ ಅಂದುಬಿಟ್ಟರು. ಏನೂ ಇಲ್ಲದರಿಂದ ಭಾಗಿಸಿದ್ರೆ ಏನೂ ಆಗೋದಿಲ್ಲ ಅನ್ನೋದು ಮೇಲ್ನೋಟಕ್ಕೆ ನಿಜ ಅನ್ನಿಸುತ್ತೆ, ಅಲ್ವಾ? ಮುಂದೆ ಹನ್ನೆರಡನೇ ಶತಮಾನದಲ್ಲಿ ಎರಡನೇ ಭಾಸ್ಕರಾಚಾರ್ಯರು ಅದನ್ನ ಖಹರ ಅಂತ ಕರೆದು, ಅದು ಅನಂತ ಅಂತ ಬೇರೆಯಾಗಿಯೇ ವಿವರಿಸಿದರು. ಹಾಗಂತ ಮಹಾವೀರಾಚಾರ್ಯರು ಕುರುಡಾಗಿ ಬರೆದವರಲ್ಲ. ಅದೇ ಜಾಗದಲ್ಲಿ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಕಾರಣ ಕೊಟ್ಟೇ ಹೇಳಿದ್ದಾರೆ.

ಈ ಸೊನ್ನೆಯ ಕಥೆ ನನಗೆ ನಾಟಿದ್ದು ಎರಡನೇ ಸಲ ನಾನೇ ಬಿದ್ದ ಮೇಲೆ. ಗುಂಪುಗಳಿಗೆ ಹೆಸರಿಟ್ಟು ಲೋಕಲ್ ಮ್ಯಾಕ್ರೋ ಮಾಡಿದ್ದೆ. ಆಮೇಲೊಂದಿನ ಜೇವರ್ಗಿಯ ನಾಲ್ಕು ಸಾಲು ಮಾತ್ರ ಸೆಲೆಕ್ಟ್ ಮಾಡಿ ರನ್ ಮಾಡಿದೆ. ಲೋಕಲ್ ಮ್ಯಾಕ್ರೋ ಆ ಒಂದು ರನ್‌ಗೆ ಮಾತ್ರ ಬದುಕಿರುತ್ತೆ. ಮೇಲಿನ ಡೆಫಿನಿಷನ್ ಸಾಲು ಈ ಸಲ ಓಡಿರಲಿಲ್ಲ, ಹಾಗಾಗಿ ಹೆಸರು ಖಾಲಿ. ಸ್ಟೇಟಾ ಕೆಂಪು ಅಕ್ಷರ ತೋರಿಸ್ಲಿಲ್ಲ. ಖಾಲಿ ಜಾಗ ಅಂದ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ, ಮನೆಯ ವಿವರಗಳನ್ನೆಲ್ಲ ಬಿಟ್ಟು ಉಳಿದದ್ದನ್ನ ಲೆಕ್ಕ ಹಾಕಿ ಕೊಡ್ತು. ಸೊನ್ನೆಯಿಂದ ಭಾಗಿಸಿದ್ರೂ ಸಂಖ್ಯೆ ಹಾಗೇ ಉಳೀತು ಅನ್ನೋ ಹಾಗೆ! ಜೇವರ್ಗಿಯಲ್ಲಿ ನೀರಿನ ಪರಿಣಾಮ ಉಳಿದೆರಡು ತಾಲೂಕಿಗಿಂತ ಬಹಳ ಜಾಸ್ತಿ ಅಂತ ನಾವು ವರದಿಯಲ್ಲಿ ಬರೆದೂ ಬಿಟ್ಟಿದ್ವಿ. ಟೇಬಲ್ ಗಿಡ್ಡ ಯಾಕಿದೆ ಅಂತ ಗೆಳತಿಯೊಬ್ಬಳು ಕೇಳದೇ ಇದ್ದಿದ್ರೆ, ನಮಗೆ ಮನೆ ಬಾಗಿಲು ತೆರೆದು, ಚಹಾ ಕೊಟ್ಟು, ಉತ್ತರ ಕೊಟ್ಟವರ ಬಗ್ಗೆ ಸುಳ್ಳು ಹೇಳಿದ ಹಾಗಾಗ್ತಿತ್ತು.

ಆರ್‌ನಲ್ಲೋ ಪೈಥಾನ್‌ನಲ್ಲೋ ಇಲ್ಲದ ಹೆಸರು ಕರೆದ್ರೆ ಎರರ್ ಬಂದು ನಿಲ್ಲುತ್ತೆ. ಸ್ಟೇಟಾ ನಿಲ್ಲೋದಿಲ್ಲ. ಅದಕ್ಕೆ ಈಗ ಗುಂಪು ಖಾಲಿಯಿದ್ರೆ ಅಲ್ಲೇ ನಿಲ್ಲು ಅಂತ ಅಸರ್ಟ್ ಸಾಲು ಹಾಕ್ತೀನಿ, ಲೆಕ್ಕಕ್ಕೆ ಮುಂಚೆ ಗುಂಪಿನಲ್ಲಿ ಏನೇನಿದೆ ಅಂತ ಪ್ರಿಂಟ್ ಮಾಡಿ ನೋಡ್ತೀನಿ, ಸ್ಕ್ರಿಪ್ಟನ್ನ ಯಾವಾಗಲೂ ಮೇಲಿಂದ ಕೆಳಗೆ ಪೂರ್ತಿ ಓಡಿಸ್ತೀನಿ. ಒಂದೇ ಕಡೆ ಬರೆದದ್ದು ಸರಿಯಿದ್ರೆ ಎಲ್ಲ ಕಡೆ ಸರಿ. ತಪ್ಪಿದ್ರೆ ಎಲ್ಲ ಕಡೆ ತಪ್ಪು. ಆದರೆ ತಿದ್ದೋದೂ ಒಂದೇ ಕಡೆ.

ಆಚಾರ್ಯರ ಪುಸ್ತಕ ಅವರಿಗಿಂತ ಬಹಳ ಕಾಲ ಬದುಕಿತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನ ತೆಲುಗಿಗೆ ತಂದ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಮಾಡಿಸಿದ ಮೇಲೆ ಜಗತ್ತಿಗೆ ಅದರ ಪರಿಚಯ ಆಯ್ತು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ ಹೊಂಬುಜದಿಂದ ಬಂತು. ಒಂದು ಸಲ ತೆಗೆದು ನೋಡಿ. ಲೆಕ್ಕ ಬಿಡಿಸೋಕೆ ಆತುರ ಬೇಡ, ಮೊದಲ ಅಧ್ಯಾಯದಿಂದಲೇ ಶುರು ಮಾಡಿ.

ನಮ್ಮ ವರದಿ ತಿದ್ದಿ ಮತ್ತೆ ಕೊಟ್ವಿ. ಸ್ಕ್ರಿಪ್ಟಿನ ಮೇಲ್ತುದಿಯ ಆ ಭಾಗಕ್ಕೆ ಕಾಮೆಂಟ್ ಸಾಲಿನಲ್ಲಿ ಒಂದು ಹೆಸರಿಟ್ಟಿದ್ದೀನಿ: ಸಂಜ್ಞಾಧಿಕಾರ.