ಮೇರಿ ಬ್ರೆಕಿನ್‌ರಿಜ್: ದಾದಿಯರಿಗೆ ಹೊಸ ಅಧಿಕಾರವನ್ನು ಗಳಿಸಿಕೊಟ್ಟಾಕೆ

ತಮ್ಮ ಹೆಣ್ಣುಮಕ್ಕಳನ್ನು ದಾದಿಯರ ಶಿಕ್ಷಣಕ್ಕೆ ಕಳುಹಬೇಕೆಂದಿರುವ ತಂದೆತಾಯಿಗಳು ನಮ್ಮನ್ನು ಮೇಲಿಂದ ಮೇಲೆ ಒಂದು ಪ್ರಶ್ನೆಯನ್ನು ಕೇಳುವುದುಂಟು. ದಾದಿಯಾದವಳು ಜೀವಮಾನವೆಲ್ಲಾ ವೈದ್ಯನು ಹೇಳಿದುದನ್ನು ಮಾತ್ರವೇ ಮಾಡುತ್ತಿರಬೇಕೋ? ತಾನಾಗಿ ರೋಗಿಯನ್ನು ಪರೀಕ್ಷಿಸಿ, ನಿರ್ಣಯಿಸಿ, ಚಿಕಿತ್ಸೆಯನ್ನು ನಡೆಯಿಸುವ ಅಧಿಕಾರವು ಆಕೆಗೆ ಎಂದಾದರೂ ಬರುವುದೋ? ಬರುವುದಾದರೆ ಅದನ್ನು ಕೊಡುವವರಾರು, ಯಾವ ಆಧಾರದ ಮೇಲೆ ಕೊಡುವರು? ಇದಕ್ಕೆ ಉತ್ತರವಾಗಿ ಬರಿಯ ನಿಯಮಗಳನ್ನು ಎಣಿಸಿ ಹೇಳುವುದಕ್ಕಿಂತ ಒಬ್ಬ ಸ್ತ್ರೀಯ ಜೀವಿತವನ್ನು ಮುಂದಿಡುವುದು ಮೇಲೆಂದು ನಮಗೆ ತೋರಿದುದರಿಂದ, ಅಮೆರಿಕಾ ಸಂಯುಕ್ತ ಸಂಸ್ಥಾನದ ಮೇರಿ ಬ್ರೆಕಿನ್‌ರಿಜ್ ಎಂಬಾಕೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆದಿರುತ್ತೇವೆ.

ಮೇರಿಯು 1881ನೆಯ ಇಸವಿ ಫೆಬ್ರವರಿ 17ರಲ್ಲಿ ಟೆನೆಸೀ ಪ್ರಾಂತದ ಮೆಂಫಿಸ್ ಪಟ್ಟಣದಲ್ಲಿ ಜನಿಸಿದಳು. ಆಕೆಯ ಮನೆತನವು ಬಹಳ ಪ್ರಖ್ಯಾತವಾದುದು. ಆಕೆಯ ಅಜ್ಜನಾದ ಜಾನ್ ಬ್ರೆಕಿನ್‌ರಿಜ್ ಎಂಬವನು ಆ ದೇಶದ ಉಪಾಧ್ಯಕ್ಷನಾಗಿದ್ದನು. ತಂದೆಯು ಶಾಸನಸಭೆಯ ಸದಸ್ಯನಾಗಿದ್ದು, ಬಳಿಕ ರಷ್ಯಾ ದೇಶಕ್ಕೆ ರಾಯಭಾರಿಯಾಗಿ ಹೋದನು. ಹೀಗಾಗಿ ಬಾಲ್ಯದಲ್ಲಿಯೇ ಆಕೆಗೆ ದೇಶಾಂತರಗಳ ಪರಿಚಯವಾಯಿತು. ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿಯೂ ಓದಿದಳು. ಆದರೆ ಅಂತಹ ಮನೆಗಳಲ್ಲಿ ಹೆಣ್ಣಿಗೆ ವಿದ್ಯೆಯು ಅಲಂಕಾರಕ್ಕೆಂದು ಇತ್ತೇ ಹೊರತು ಉದ್ಯೋಗಕ್ಕೆಂದು ಇರಲಿಲ್ಲ. ಮದುವೆಯಾಗಿ ಗೃಹಿಣಿಯಾಗಿರುವುದೇ ಆಕೆಯ ಮುಂದಿದ್ದ ದಾರಿಯಾಗಿತ್ತು. ಆಕೆಯು 1904ರಲ್ಲಿ ವಿವಾಹವಾದಳು. ಎರಡೇ ವರ್ಷಗಳಲ್ಲಿ ಪತಿಯು ತೀರಿಕೊಂಡನು.

ಇಪ್ಪತ್ತೈದು ವರ್ಷದ ಆ ವಿಧವೆಯು ತವರಿನ ಐಶ್ವರ್ಯದಲ್ಲಿ ಸುಮ್ಮನೆ ಕುಳಿತಿರಲೊಲ್ಲದೆ, 1907ರಲ್ಲಿ ನ್ಯೂಯಾರ್ಕ್ ನಗರದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ದಾದಿಯರ ಶಾಲೆಯನ್ನು ಸೇರಿ, 1910ರಲ್ಲಿ ಉತ್ತೀರ್ಣಳಾಗಿ, ರಿಜಿಸ್ಟರಾದ ದಾದಿಯಾದಳು. ಇದು ಆಕೆಯ ಮೊದಲನೆಯ ಮೆಟ್ಟಲು. 1912ರಲ್ಲಿ ಪುನರ್ವಿವಾಹವಾಗಿ ಆರ್ಕನ್ಸಾ ಪ್ರಾಂತದಲ್ಲಿ ನೆಲೆಸಿದಳು. ಅಲ್ಲಿ ಹುಟ್ಟಿದ ಎರಡು ಮಕ್ಕಳನ್ನೂ ಕಳೆದುಕೊಂಡಳು. ಹೆಣ್ಣುಮಗುವು 1916ರಲ್ಲಿ ದಿನ ತುಂಬುವ ಮುನ್ನ ಹುಟ್ಟಿ ಕೆಲವೇ ಗಂಟೆಗಳಲ್ಲಿ ಅಳಿಯಿತು. ಗಂಡುಮಗನಾದ ಬ್ರೆಕಿಯು ನಾಲ್ಕು ವರ್ಷದ ಕೂಸಾಗಿ 1918ರ ಜನವರಿಯಲ್ಲಿ ತೀರಿಹೋದನು. ಆ ದಾಂಪತ್ಯವೂ ಉಳಿಯಲಿಲ್ಲ. ಮೂವತ್ತೇಳನೆಯ ವಯಸ್ಸಿನಲ್ಲಿ ಆಕೆಗೆ ಮನೆಯೂ ಇಲ್ಲ, ಮಕ್ಕಳೂ ಇಲ್ಲ. ಉಳಿದಿದ್ದುದು ಕಲಿತ ವಿದ್ಯೆಯೊಂದೇ. ತನ್ನ ಮಕ್ಕಳ ನೆನಪಿಗಾಗಿ ಇನ್ನು ಮುಂದೆ ಪರರ ಮಕ್ಕಳ ಪ್ರಾಣರಕ್ಷಣೆಗೆ ತನ್ನ ಆಯುಸ್ಸನ್ನು ಕೊಡುವೆನೆಂದು ಆಕೆಯು ನಿಶ್ಚಯಿಸಿಕೊಂಡಳು.

ಮಹಾಯುದ್ಧವು ಮುಗಿದ ಮೇಲೆ 1919ರಲ್ಲಿ ಆಕೆಯು ಫ್ರಾನ್ಸ್ ದೇಶಕ್ಕೆ ಹೋಗಿ, ಯುದ್ಧದಲ್ಲಿ ಹಾಳಾದ ಹಳ್ಳಿಗಳಲ್ಲಿ ಗರ್ಭಿಣಿಯರ ಮತ್ತು ಶಿಶುಗಳ ಆರೈಕೆಯನ್ನು ಏರ್ಪಡಿಸಿದಳು. ಹಾಲಿಲ್ಲದೆ ಸೊರಗುತ್ತಿದ್ದ ಕೂಸುಗಳಿಗೆಂದು ಆಡುಗಳನ್ನು ತರಿಸಿ ಹಂಚಿದಳು. ಅಲ್ಲಿ ಆಕೆಯು ಕೆಲವರು ಬ್ರಿಟಿಷ್ ದಾದಿಯರನ್ನು ಕಂಡಳು. ಅವರು ದಾದಿಯರೂ ಹೌದು, ಶಾಸ್ತ್ರೋಕ್ತವಾಗಿ ಕಲಿತ ಸೂಲಗಿತ್ತಿಯರೂ ಹೌದು. ಸಹಜವಾದ ಹೆರಿಗೆಯನ್ನು ವೈದ್ಯನಿಗಾಗಿ ಕಾಯದೆ ತಾವೇ ಮಾಡಿಸುವ ಅಧಿಕಾರವು ಅವರಿಗಿತ್ತು. ಅಮೆರಿಕಾ ದೇಶದಲ್ಲಾದರೋ ದಾದಿಯು ಬೇರೆ, ಸೂಲಗಿತ್ತಿಯು ಬೇರೆ. ದಾದಿಗೆ ಶಿಕ್ಷಣವಿತ್ತು, ಹೆರಿಗೆಯ ಅಧಿಕಾರವಿರಲಿಲ್ಲ. ಹಳ್ಳಿಯ ಸೂಲಗಿತ್ತಿಗೆ ಹೆರಿಗೆಯ ಕೆಲಸವಿತ್ತು, ಶಿಕ್ಷಣವಿರಲಿಲ್ಲ. ಈ ಎರಡೂ ಒಬ್ಬಳಲ್ಲಿಯೇ ಕೂಡಿದರೆ ವೈದ್ಯರಿಲ್ಲದ ಸೀಮೆಗಳಿಗೆ ಎಷ್ಟೋ ಉಪಕಾರವಾದೀತೆಂದು ಮೇರಿಯು ಯೋಚಿಸಿದಳು.

ಆ ಬಳಿಕ ಆಕೆಯು ನಡೆದ ಕ್ರಮವೇ ನಮ್ಮ ಬಾಲಿಕೆಯರು ಮುಖ್ಯವಾಗಿ ಗಮನಿಸತಕ್ಕದ್ದು. ಕುಲೀನಳೂ ಧನಿಕಳೂ ಆಗಿದ್ದ ಆಕೆಯು ತನ್ನ ಮನೆತನದ ಹೆಸರಿನಿಂದ ಅಪ್ಪಣೆಯನ್ನು ಪಡೆದು ಕೂಡಲೇ ಕೆಲಸವನ್ನು ಆರಂಭಿಸಬಹುದಾಗಿತ್ತು. ಆದರೆ ಆಕೆಯು ಹಾಗೆ ಮಾಡಲಿಲ್ಲ. ನಾಲ್ವತ್ತು ದಾಟಿದ ಮೇಲೆ ಪುನಃ ವಿದ್ಯಾರ್ಥಿನಿಯಾದಳು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯವನ್ನು ಕಲಿತಳು. 1923ರ ಬೇಸಗೆಯಲ್ಲಿ ಕೆಂಟಕಿ ಪ್ರಾಂತದ ಪೂರ್ವದ ಬೆಟ್ಟಸೀಮೆಯಲ್ಲಿ ಕುದುರೆಯ ಮೇಲೆ ತಿರುಗಿ, ಐವತ್ತಕ್ಕೆ ಮೇಲ್ಪಟ್ಟ ಸೂಲಗಿತ್ತಿಯರನ್ನು ಅವರವರ ಮನೆಗಳಲ್ಲಿಯೇ ಕಂಡು, ಅವರು ಹೆರಿಗೆ ಮಾಡಿಸುವ ರೀತಿಯನ್ನು ಕೇಳಿ ಬರೆದುಕೊಂಡಳು. ಅವರಲ್ಲಿ ಬಹುಮಂದಿ ವಯಸ್ಸಾದವರು. ಕರುಣೆಗೆ ಕೊರತೆಯಿಲ್ಲದಿದ್ದರೂ ರಕ್ತಸ್ರಾವ, ನಂಜು ಮುಂತಾದ ಅಪಾಯಗಳು ಒದಗಿದಾಗ ಮಾಡತಕ್ಕದ್ದೇನೆಂಬ ಜ್ಞಾನವು ಅವರಿಗೆ ಯಾರಿಂದಲೂ ದೊರೆತಿರಲಿಲ್ಲ.

ತನ್ನ ದೇಶದಲ್ಲಿ ದಾದಿಗೆ ಬೇಕಾದ ಪ್ರಸೂತಿಶಿಕ್ಷಣವು ಸಿಕ್ಕದೆ ಹೋದುದರಿಂದ ಆಕೆಯು ಸಮುದ್ರವನ್ನು ದಾಟಿ ಇಂಗ್ಲೆಂಡಿಗೆ ಹೋದಳು. ಅಲ್ಲಿ 1902ರ ಶಾಸನದಿಂದ ಸ್ಥಾಪಿತವಾದ ಸೂಲಗಿತ್ತಿಯರ ಕೇಂದ್ರ ಮಂಡಲಿಯೊಂದಿತ್ತು. ಆ ಮಂಡಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗದವಳು ಸೂಲಗಿತ್ತಿಯೆಂದು ಹೇಳಿಕೊಳ್ಳಕೂಡದು. ಮೇರಿಯು ಲಂಡನ್ನಿನ ವೂಲಿಚ್ ಭಾಗದ ಹೆರಿಗೆಯ ಆಸ್ಪತ್ರೆಯಲ್ಲಿ, ತನಗಿಂತ ಎಷ್ಟೋ ಚಿಕ್ಕವರ ಸಂಗಡ ಕಲಿತು, ಆ ಪರೀಕ್ಷೆಯನ್ನು ಮುಗಿಸಿ ಅಧಿಕಾರಪತ್ರವನ್ನು ಪಡೆದಳು. ಬಳಿಕ ಸ್ಕಾಟ್ಲೆಂಡಿನ ಬೆಟ್ಟಗಳಿಗೂ ದ್ವೀಪಗಳಿಗೂ ಹೋಗಿ, ವೈದ್ಯರು ವಿರಳವಾದ ಸ್ಥಳಗಳಲ್ಲಿ 1913ರಿಂದ ಸರಕಾರದ ಸಹಾಯದಿಂದ ನಡೆಯುತ್ತಿದ್ದ ವೈದ್ಯ ಮತ್ತು ದಾದಿಯರ ವ್ಯವಸ್ಥೆಯನ್ನು ಪ್ರತ್ಯಕ್ಷವಾಗಿ ನೋಡಿದಳು.

ಇಷ್ಟು ಸಿದ್ಧತೆಯಾದ ಮೇಲೆಯೇ 1925ನೆಯ ಇಸವಿ ಮೇ 28ರಲ್ಲಿ ಕೆಂಟಕಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮಹನೀಯರ ಸಭೆಯೊಂದು ಸೇರಿ, ತಾಯಂದಿರ ಮತ್ತು ಶಿಶುಗಳ ಸಮಿತಿಯೊಂದನ್ನು ಸ್ಥಾಪಿಸಿತು. 1928ರಲ್ಲಿ ಅದಕ್ಕೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರಾಯಿತು. ಆರಂಭದಲ್ಲಿ ಮೇರಿಯು ತನ್ನ ಸ್ವಂತ ಹಣವನ್ನೇ ವೆಚ್ಚಮಾಡಿದಳು. ಲೆಸ್ಲೀ ಎಂಬ ಜಿಲ್ಲೆಯ ಹೈಡನ್ ಊರಿನಲ್ಲಿ ಮೊದಲನೆಯ ಕೇಂದ್ರವು ತೆರೆಯಲ್ಪಟ್ಟಿತು. ಆ ಸೀಮೆಯಲ್ಲಿ ಆಗ ಮೋಟಾರು ಹೋಗುವ ರಸ್ತೆಯಿರಲಿಲ್ಲ. ದಾದಿಯರು ಜೀನಿನ ಎರಡು ಪಕ್ಕಗಳಲ್ಲಿ ಔಷಧದ ಚೀಲಗಳನ್ನು ತೂಗಹಾಕಿಕೊಂಡು ಕುದುರೆಯ ಮೇಲೆ ಹೊಳೆಗಳನ್ನು ಹಾಯ್ದು, ಹಿಮದಲ್ಲಿಯೂ ಕತ್ತಲಲ್ಲಿಯೂ ಮನೆಮನೆಗೆ ಹೋಗುತ್ತಿದ್ದರು. ಹೆರಿಗೆಯೊಂದಕ್ಕೆ 5 ಡಾಲರಿನ ಶುಲ್ಕವನ್ನು ಗೊತ್ತುಮಾಡಿದ್ದರು. ಹಣವಿಲ್ಲದ ಬಡವರು ಮೇವನ್ನೋ ಸೌದೆಯನ್ನೋ ಕೊಟ್ಟು ಅಥವಾ ಮೈದುಡಿದು ಅದನ್ನು ತೀರಿಸಬಹುದಾಗಿತ್ತು.

ಇಂಗ್ಲೆಂಡಿನ ಅಧಿಕಾರಪತ್ರವು ಕೆಂಟಕಿಯಲ್ಲಿ ಸಾಲುವುದೇ ಎಂದು ವಾಚಕರು ಕೇಳಬಹುದು. ಅದೊಂದೇ ಸಾಲದೆಂಬುದನ್ನು ಮೇರಿಯು ಚೆನ್ನಾಗಿ ಅರಿತಿದ್ದಳು. ಆದುದರಿಂದ ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಆರ್ಥರ್ ಮೆಕಾರ್ಮ್ಯಾಕ್ ಎಂಬವರ ಬೆಂಬಲವನ್ನು ಮೊದಲೇ ಸಂಪಾದಿಸಿದಳು. ಎರಡನೆಯದಾಗಿ, ಲೆಕ್ಸಿಂಗ್‌ಟನ್ ನಗರದ ತಜ್ಞವೈದ್ಯರ ಸಲಹಾಮಂಡಲಿಯೊಂದನ್ನು ಏರ್ಪಡಿಸಿ, ಅವರಿಂದ ಲಿಖಿತ ಕ್ರಮಾವಳಿಯನ್ನು ಬರೆಯಿಸಿಕೊಂಡಳು. ಯಾವ ಲಕ್ಷಣವು ಕಂಡಾಗ ದಾದಿಯು ಯಾವ ಔಷಧವನ್ನು ಕೊಡಬಹುದು, ಯಾವ ಕೆಲಸವನ್ನು ತಾನೇ ಮಾಡಬಹುದು, ಯಾವ ಸ್ಥಿತಿಯಲ್ಲಿ ಮುಂದುವರಿಯದೆ ವೈದ್ಯನಿಗೆ ಹೇಳಿಕಳುಹಿಸಬೇಕು ಎಂಬಿವೆಲ್ಲವೂ ಅದರಲ್ಲಿ ಸ್ಪಷ್ಟವಾಗಿದ್ದವು. ಪ್ರತಿಯೊಬ್ಬ ದಾದಿಯೂ ಅದನ್ನು ತನ್ನ ಚೀಲದಲ್ಲಿಯೇ ಒಯ್ಯುತ್ತಿದ್ದಳು. ಅಧಿಕಾರವನ್ನು ಕೊಡುವ ಕಾಗದವೇ ಅಧಿಕಾರದ ಎಲ್ಲೆಯನ್ನೂ ತೋರಿಸುತ್ತಿತ್ತು. ಎಲ್ಲೆಯನ್ನು ಬಲ್ಲವಳ ಕೈಗೆ ಪ್ರಾಣಗಳನ್ನು ಒಪ್ಪಿಸಲು ಜನರೂ ಅಂಜುವುದಿಲ್ಲ, ವೈದ್ಯರೂ ಅಂಜುವುದಿಲ್ಲ.

ಮೂರನೆಯದು ಲೆಕ್ಕ. ಕೆಲಸವನ್ನು ತೊಡಗುವಾಗಲೇ ಆಕೆಯು ಲೆಸ್ಲೀ ಜಿಲ್ಲೆಯ ಜನನಮರಣಗಳ ಎಣಿಕೆಯನ್ನು ಮಾಡಿಸಿದಳು. ಬಳಿಕ ನಡೆದ ಪ್ರತಿಯೊಂದು ಹೆರಿಗೆಯ ವೃತ್ತಾಂತವನ್ನೂ ಬರೆದಿಡಿಸಿ, ಆ ದಾಖಲೆಗಳನ್ನು ಮೆಟ್ರೋಪಾಲಿಟನ್ ಜೀವವಿಮಾ ಕಂಪನಿಯ ಪ್ರಸಿದ್ಧ ಗಣಿತಜ್ಞನಾದ ಲೂಯಿ ಡಬ್ಲಿನ್ ಎಂಬವನ ಪರೀಕ್ಷೆಗೆ ಒಪ್ಪಿಸಿದಳು. ಮೊದಲನೆಯ 1000 ಹೆರಿಗೆಗಳ ಫಲಿತಾಂಶವು 1932ರಲ್ಲಿ ಪ್ರಕಟವಾಯಿತು. ಆ ಕಾಲದಲ್ಲಿ ಅಮೆರಿಕಾ ದೇಶದಲ್ಲಿ 1000 ಜನನಗಳಿಗೆ ಆರೇಳು ಮಂದಿ ತಾಯಂದಿರು ಸಾಯುತ್ತಿದ್ದರು. ಈ ದಾದಿಯರು ನೋಡಿಕೊಂಡ ತಾಯಂದಿರಲ್ಲಾದರೋ ಬಸಿರು ಹೆರಿಗೆಗಳೇ ನೇರವಾದ ಕಾರಣವಾಗಿ ಸತ್ತವಳು ಒಬ್ಬಳೂ ಇರಲಿಲ್ಲ. ರಸ್ತೆಯಿಲ್ಲದ, ಬಡತನದ ಬೆಟ್ಟಸೀಮೆಯು ದೊಡ್ಡ ನಗರಗಳನ್ನು ಮೀರಿಸಿತು. ತಾನು ಮಾಡಿದ ಕೆಲಸವನ್ನು ತಾನೇ ಹೊಗಳಿಕೊಳ್ಳದೆ, ಹೊರಗಿನವರು ಅಳೆದು ನೋಡುವಂತೆ ಮಾಡಿದುದೇ ಮೇರಿಯ ಜಾಣ್ಮೆಯಾಗಿತ್ತು.

ಹೈಡನ್ ಊರಿನಲ್ಲಿ ಆಸ್ಪತ್ರೆಯು 1928ರಲ್ಲಿ ಆರಂಭವಾಯಿತು. 1931ರಲ್ಲಿ ಕುದುರೆಯಿಂದ ಬಿದ್ದು ಮೇರಿಯ ಬೆನ್ನೆಲುಬು ಮುರಿಯಿತು. ಆದರೂ ಆಕೆಯು ಕೆಲಸವನ್ನು ಬಿಡಲಿಲ್ಲ. 1939ರಲ್ಲಿ ಎರಡನೆಯ ಮಹಾಯುದ್ಧವು ತೊಡಗಲು, ಆಕೆಯ ಬಳಿ ಇದ್ದ ಬ್ರಿಟಿಷ್ ದಾದಿಯರಲ್ಲಿ ಅನೇಕರು ಸ್ವದೇಶಕ್ಕೆ ಹಿಂದಿರುಗಿದರು. ಅಮೆರಿಕಾದ ದಾದಿಯರನ್ನು ಶಿಕ್ಷಣಕ್ಕಾಗಿ ಬ್ರಿಟನ್ನಿಗೆ ಕಳುಹುವುದೂ ನಿಂತುಹೋಯಿತು. ಆಗ ಆಕೆಯು ಅದೇ ವರ್ಷದಲ್ಲಿ ಹೈಡನ್ ಊರಿನಲ್ಲಿಯೇ ದಾದಿಯರಿಗಾಗಿ ಪ್ರಸೂತಿವಿದ್ಯೆಯ ಶಾಲೆಯನ್ನು ತೆರೆದಳು. ಮೊದಲನೆಯ ತರಗತಿಯಲ್ಲಿ ಇದ್ದವರು ಇಬ್ಬರೇ. ಅದೇ ವಿದ್ಯಾಲಯವು 1970ರಲ್ಲಿ ಕುಟುಂಬದ ಎಲ್ಲ ವಯಸ್ಸಿನವರನ್ನೂ ಪರೀಕ್ಷಿಸಿ ಚಿಕಿತ್ಸೆಮಾಡುವ ನರ್ಸ್ ಪ್ರಾಕ್ಟಿಷನರ್ ಎಂಬ ದಾದಿಯರ ಶಿಕ್ಷಣವನ್ನೂ ಆರಂಭಿಸಿ, ಕ್ರಮೇಣ ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ. ಮೇರಿಯು ಅದನ್ನು ನೋಡಲಿಲ್ಲ. 1965ನೆಯ ಇಸವಿ ಮೇ 16ರಲ್ಲಿ, ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಕೆಂಟಕಿಯ ಆ ಬೆಟ್ಟಗಳಲ್ಲಿಯೇ ದೇಹವನ್ನು ಬಿಟ್ಟಳು.

ಆಕೆಯ ಚರಿತ್ರೆಯಲ್ಲಿ ಒಂದು ಕಳಂಕವೂ ಉಂಟು. ಅದನ್ನು ಮರೆಯಿಸುವುದು ನ್ಯಾಯವಲ್ಲ. ವರ್ಣಭೇದದ ವಿಷಯದಲ್ಲಿ ತನ್ನ ಕುಲದವರ ದುರಭಿಮಾನವನ್ನು ಆಕೆಯು ಬಿಡಲಿಲ್ಲ. ಕಪ್ಪುವರ್ಣದ ದಾದಿಯರಿಗೆ ತನ್ನ ಸಂಸ್ಥೆಯಲ್ಲಿ ಎಡೆಗೊಡಲಿಲ್ಲ. ಅಂತಹ ದಾದಿಯರಿಗೆ ಶಕ್ತಿ ಕಡಿಮೆಯಿತ್ತೆಂದಲ್ಲ. ಅಲಬಾಮಾ ಪ್ರಾಂತದ ಟಸ್ಕೀಗೀ ಎಂಬಲ್ಲಿ 1941ರಿಂದ 1946ರ ವರೆಗೆ ನಡೆದ ಶಾಲೆಯಲ್ಲಿ ಅವರೂ ಇದೇ ವಿದ್ಯೆಯನ್ನು ಕಲಿತು ತಮ್ಮ ಜನರ ಸೇವೆ ಮಾಡಿದರು. ಶಿಕ್ಷಣವೂ ಪರೀಕ್ಷೆಯೂ ಅಧಿಕಾರಕ್ಕೆ ಬಾಗಿಲಾಗಬೇಕಾದರೆ ಆ ಬಾಗಿಲು ಯೋಗ್ಯರಾದವರೆಲ್ಲರಿಗೂ ತೆರೆದಿರಬೇಕು. ಜಾತಿಯನ್ನೋ ವರ್ಣವನ್ನೋ ನೋಡಿ ತೆರೆಯುವ ಬಾಗಿಲು ಪರೀಕ್ಷೆಯ ಹೆಸರನ್ನೇ ಕೆಡಿಸುವುದು. ಮೇರಿಯ ಗುಣವನ್ನು ಅನುಸರಿಸುವವರು ಆಕೆಯ ಈ ದೋಷವನ್ನೂ ಅರಿತಿರಬೇಕು.

ಆಕೆಯು ಏರಿದ ಮೆಟ್ಟಲುಗಳೇ ಈಗ ಆ ದೇಶದಲ್ಲಿ ಕ್ರಮವಾಗಿ ನಿಂತಿವೆ. 2008ರಲ್ಲಿ ಅಲ್ಲಿಯ ದಾದಿಯರ ಸಂಘಗಳೂ ಮಂಡಲಿಗಳೂ ಕೂಡಿ, ಅರಿವಳಿಕೆಯ ದಾದಿ, ಪ್ರಸೂತಿಯ ದಾದಿ, ವಿಶೇಷಜ್ಞ ದಾದಿ, ನರ್ಸ್ ಪ್ರಾಕ್ಟಿಷನರ್ ಎಂದು ನಾಲ್ಕು ಉನ್ನತ ಪದವಿಗಳನ್ನು ಗೊತ್ತುಮಾಡಿದುವು. ಈ ಕ್ರಮದಂತೆ ಮೊದಲು ರಿಜಿಸ್ಟರಾದ ದಾದಿಯಾಗಿರಬೇಕು. ಆಮೇಲೆ ಮಾನ್ಯತೆಯುಳ್ಳ ವಿದ್ಯಾಲಯದಲ್ಲಿ ಉನ್ನತ ಶಿಕ್ಷಣವನ್ನು ಮುಗಿಸಬೇಕು. ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕೊನೆಗೆ ತಾನಿರುವ ಪ್ರಾಂತದ ಮಂಡಲಿಯಿಂದ ಅನುಮತಿಯನ್ನು ಪಡೆಯಬೇಕು. ಕೆಲವು ಪ್ರಾಂತಗಳಲ್ಲಿ ವೈದ್ಯನೊಡನೆ ಲಿಖಿತ ಒಪ್ಪಂದವೂ ಬೇಕಾಗುವುದು, ಉಳಿದೆಡೆ ಬೇಕಾಗುವುದಿಲ್ಲ. ನಮ್ಮ ಭಾರತದಲ್ಲಿಯೂ 2018ರಲ್ಲಿ ಕೇಂದ್ರಸರಕಾರವು ಪ್ರಸೂತಿಸೇವೆಯ ಬಗ್ಗೆ ಮಾರ್ಗದರ್ಶಿಕೆಯನ್ನು ಹೊರಡಿಸಿ, ರಿಜಿಸ್ಟರಾದ ದಾದಿಯರಿಗೆ 18 ತಿಂಗಳ ಹೆಚ್ಚಿನ ಶಿಕ್ಷಣವನ್ನು ಏರ್ಪಡಿಸಿತು. 2023ರಲ್ಲಿ ದಾದಿಯರ ಮತ್ತು ಪ್ರಸೂತಿಸೇವಕಿಯರ ರಾಷ್ಟ್ರೀಯ ಆಯೋಗದ ಶಾಸನವೂ ಆಯಿತು.

ಆದುದರಿಂದ ತಂದೆತಾಯಿಗಳ ಪ್ರಶ್ನೆಗೆ ನಮ್ಮ ಉತ್ತರವಿಷ್ಟೇ: ಹೆಚ್ಚಿನ ಅಧಿಕಾರವು ದಾದಿಗೆ ಬರುವುದುಂಟು. ಅದು ವಯಸ್ಸಿನಿಂದ ಬರುವುದಿಲ್ಲ, ಮನೆತನದಿಂದ ಬರುವುದಿಲ್ಲ, ಬರಿಯ ಕನಿಕರದಿಂದಲೂ ಬರುವುದಿಲ್ಲ. ಕಲಿತುದರ ಮೇಲೆ ಇನ್ನೂ ಕಲಿತು, ಪರೀಕ್ಷೆಗೆ ತಲೆಬಾಗಿ, ತನ್ನ ಎಲ್ಲೆಯನ್ನು ಅರಿತು, ಮಾಡಿದ ಕೆಲಸದ ಲೆಕ್ಕವನ್ನು ಒಪ್ಪಿಸುವವಳಿಗೆ ಬರುತ್ತದೆ. ಹತ್ತನೆಯ ತರಗತಿಯ ವಿದ್ಯೆಯೇ ಹೆಣ್ಣಿಗೆ ಸಾಕೆನ್ನುವವರೂ, ದಾದಿಯ ಪ್ರಮಾಣಪತ್ರವು ಕೈಸೇರಿದೊಡನೆ ಪುಸ್ತಕವನ್ನು ಮುಚ್ಚಿಡುವ ನಮ್ಮ ಹಿರಿಯ ವಿದ್ಯಾರ್ಥಿನಿಯರೂ ಇದನ್ನು ಸ್ವಲ್ಪ ಆಲೋಚಿಸಬೇಕೆಂದು ಬೇಡುತ್ತೇವೆ. ನಾಲ್ವತ್ತೆರಡನೆಯ ವಯಸ್ಸಿನಲ್ಲಿ ಮೇರಿಯು ಮತ್ತೆ ವಿದ್ಯಾರ್ಥಿನಿಯರ ಬೆಂಚಿನ ಮೇಲೆ ಕುಳಿತುಕೊಳ್ಳಲು ಸಂಕೋಚಪಟ್ಟಿದ್ದರೆ, ಕೆಂಟಕಿಯ ಬೆಟ್ಟಗಳಲ್ಲಿ ಎಷ್ಟೋ ಮಕ್ಕಳು ತಾಯಿಯ ಮುಖವನ್ನು ಕಾಣದೆಯೇ ಬೆಳೆಯಬೇಕಾಗುತ್ತಿತ್ತು.