ಕೊನೆಯವರೆಗೂ ಕಾದ ನಾದ

ವೇದಿಕೆಯಲ್ಲಿ ಗಿಟಾರ್‌ಗೆ ಬೆಂಕಿ ಹಚ್ಚಿದವರೆಂದೇ ಜಿಮಿ ಹೆಂಡ್ರಿಕ್ಸ್ ಅವರನ್ನು ಅನೇಕರು ನೆನೆಯುತ್ತಾರೆ. ಅವರ ಸಂಯಮ ನೆನಪಾಗುವುದು ಕಡಿಮೆ.

1942ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜನಿಸಿದ ಅವರು ಕೆಲಕಾಲ ಸೇನೆಯಲ್ಲಿದ್ದು, ಬಳಿಕ ಲಿಟಲ್ ರಿಚರ್ಡ್ ಮೊದಲಾದವರ ತಂಡಗಳಲ್ಲಿ ಗಿಟಾರ್ ನುಡಿಸಿದರು. 1966ರಲ್ಲಿ ಲಂಡನ್ ಸೇರಿದ ಮೇಲೆ ವರ್ಷದೊಳಗೆ ಪ್ರಸಿದ್ಧರಾದರು.

1967ರಲ್ಲಿ ಅಲ್ಲಿನ ಒಲಿಂಪಿಕ್ ಸ್ಟುಡಿಯೋದಲ್ಲಿ ‘ಬೋಲ್ಡ್ ಆ್ಯಸ್ ಲವ್’ ಹಾಡು ಸಿದ್ಧವಾಯಿತು. ಒಂದೇ ಧ್ವನಿಯನ್ನು ಎರಡು ಟೇಪ್ ಯಂತ್ರಗಳಲ್ಲಿ ಒಟ್ಟಿಗೆ ಓಡಿಸಿ, ಒಂದರ ವೇಗವನ್ನು ಕೂದಲೆಳೆಯಷ್ಟು ಬದಲಿಸಿದರೆ, ಎರಡರ ಅಲೆಗಳು ಕೂಡುತ್ತ ಕಳೆಯುತ್ತ ನಾದವೇ ಸುಳಿಯಂತೆ ಸುತ್ತುತ್ತದೆ. ಇದೇ ಫ್ಲ್ಯಾಂಜಿಂಗ್. ಹೆಂಡ್ರಿಕ್ಸ್ ಹಾಗೂ ಧ್ವನಿತಂತ್ರಜ್ಞ ಎಡ್ಡಿ ಕ್ರೇಮರ್ ಇದನ್ನು ಇಡೀ ಹಾಡಿಗೆ ಬಳಿಯಲಿಲ್ಲ. ಗಾಯನ ಮುಗಿದು, ಡ್ರಮ್ಮಿನ ಸದ್ದು ಒಂಟಿಯಾಗಿ ಮೊಳಗುವ ಕ್ಷಣಕ್ಕಾಗಿ ಕಾದಿರಿಸಿದರು. ಡ್ರಮ್ ಸುಳಿಗೆ ಸಿಲುಕುತ್ತದೆ. ಹಿಂದೆಯೇ ಬರುವ ಗಿಟಾರ್ ಬೇರೊಂದು ಲೋಕದ್ದೆನಿಸುತ್ತದೆ. ಅಲ್ಲಿಯವರೆಗಿನ ಸರಳತೆಯೇ ಆ ತಿರುವಿನ ಬಲ.

1970ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನಲ್ಲಿ ಅವರ ಸ್ವಂತ ಸ್ಟುಡಿಯೋ ಆರಂಭವಾಯಿತು. ಮರುತಿಂಗಳ 18ರಂದು, 27ನೇ ವಯಸ್ಸಿನಲ್ಲೇ, ಅವರು ಲಂಡನ್‌ನಲ್ಲಿ ತೀರಿಕೊಂಡರು.

ಇಂದು ಈ ಚಮತ್ಕಾರ ಕಂಪ್ಯೂಟರ್‌ನಲ್ಲಿ ಯಾರಿಗೂ ಸುಲಭಲಭ್ಯ. ಅದನ್ನು ಎಲ್ಲಿಯವರೆಗೆ ತಡೆಹಿಡಿಯಬೇಕೆಂಬ ವಿವೇಕವನ್ನು ಮಾತ್ರ ಯಾವ ಯಂತ್ರವೂ ಒದಗಿಸದು.